ದತ್ತು ಬಂದ ಬಾಕ್ಸರ್ ನಾಯಿ: ಮೂರು ತಿಂಗಳು ತಾಳ್ಮೆ ಇರಲಿ

"ದೊಡ್ಡ ಜಾತಿ ನಾಯಿ ಪುಕ್ಕಟೆ ಸಿಗುತ್ತದಂತೆ, ತೋಟ ಕಾಯಲಿಕ್ಕಾಯಿತು" ಎಂದುಕೊಂಡು ಬಾಕ್ಸರ್ ನಾಯಿಯನ್ನು ದತ್ತು ತರುವವರಿದ್ದಾರೆ. ತಿಂಗಳು ಕಳೆಯುವುದರೊಳಗೆ "ಇದು ನಮಗೆ ಆಗಲಿಲ್ಲ" ಎಂದು ವಾಪಸು ಬಿಡುವವರೂ ಅವರೇ. ಒಮ್ಮೆ ಮನೆ ಕಳೆದುಕೊಂಡ ನಾಯಿ ಎರಡನೇ ಬಾರಿ ಬೀದಿಗೆ ಬಿದ್ದರೆ ಮೂರನೇ ಮನೆ ಸಿಗುವುದು ಕಷ್ಟ. ಆದ್ದರಿಂದ ಮಂಗಳೂರಿನಿಂದ ಮಂಜೇಶ್ವರಕ್ಕೋ, ಬೆಂಗಳೂರಿನಿಂದ ಹೊಸೂರಿಗೋ ಇಂಥ ನಾಯಿಯನ್ನು ತರುವ ಮೊದಲೇ ಅದರ ಗುಣಾವಗುಣ ತಿಳಿದಿರುವುದು ಒಳ್ಳೆಯದು.

ಎಲ್ಲಿಯದು ಈ ಜಾತಿ?

ಬಾಕ್ಸರ್ ಜರ್ಮನಿಯ ನಾಯಿ. ಕಾಡುಹಂದಿಯಂಥ ಬೇಟೆಯನ್ನು ಕಚ್ಚಿ ಹಿಡಿದು ನಿಲ್ಲಿಸುತ್ತಿದ್ದ ಹಳೆಯ ಜರ್ಮನ್ ನಾಯಿಗೆ ಇಂಗ್ಲಿಷ್ ಬುಲ್‌ಡಾಗ್ ಸೇರಿಸಿ 19ನೇ ಶತಮಾನದ ಕೊನೆಗೆ ಮ್ಯೂನಿಕ್ ನಗರದಲ್ಲಿ ಈ ತಳಿ ರೂಪುಗೊಂಡಿತು. ಚಪ್ಪಟೆ ಮೂತಿ, ಅಗಲ ಎದೆ, ಗಿಡ್ಡ ಕೂದಲು. ತೂಕ ಸುಮಾರು 25ರಿಂದ 32 ಕಿಲೋ, ಆಯುಸ್ಸು 10-12 ವರ್ಷ. ನೋಡಲು ಗಡುಸು, ಸ್ವಭಾವದಲ್ಲಿ ಮಗು. ಮೂರು ವರ್ಷವಾದರೂ ಮರಿಯಂತೆ ಕುಣಿಯುತ್ತದೆ, ಮೈಮೇಲೆ ಹಾರುತ್ತದೆ, ಜೊಲ್ಲು ಸುರಿಸುತ್ತದೆ, ಗೊರಕೆ ಹೊಡೆಯುತ್ತದೆ. ಮರಿಯ ಚೆಂದಕ್ಕೆ ಮರುಳಾಗಿ ಕೊಂಡವರು ಅದು ಬೆಳೆದ ಮೇಲೆ ಕೈಬಿಡುವುದಕ್ಕೆ ಈ ಚೈತನ್ಯವೂ ಒಂದು ಕಾರಣ. ನಾಯಿಯಲ್ಲಿ ದೋಷವಿದ್ದೇ ಬಿಟ್ಟಿರಬೇಕೆಂದೇನಿಲ್ಲ.

ಮೂರು ದಿನ, ಮೂರು ವಾರ, ಮೂರು ತಿಂಗಳು

ನಾಯಿಗಳಿಗೆ ಹೊಸ ಮನೆ ಹುಡುಕಿಕೊಡುವವರು ಹೇಳುವ ಲೆಕ್ಕ ಇದು. ಮೊದಲ ಮೂರು ದಿನ ನಾಯಿ ಊಟ ಬಿಡಬಹುದು, ಮೂಲೆ ಹಿಡಿಯಬಹುದು, ಗೇಟಿನತ್ತಲೇ ನೋಡುತ್ತ ಕೂರಬಹುದು, ಒಳಗೆಲ್ಲ ಉಚ್ಚೆ ಹೊಯ್ಯಬಹುದು. ಆಗ ನೆಂಟರಿಷ್ಟರನ್ನು ಕರೆದು ತೋರಿಸುವ ಸಂಭ್ರಮ ಬೇಡ. ಸುಮಾರು ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯುತ್ತದೆ. ಅಡಗಿದ್ದ ತುಂಟತನವೂ ಆಗಲೇ ಹೊರಬರುತ್ತದೆ. ಚಪ್ಪಲಿ ಕಚ್ಚುವುದು, ಕೋಳಿ ಅಟ್ಟುವುದು ಶುರು. "ಬಂದಾಗ ಎಷ್ಟು ಸಾಧುವಾಗಿತ್ತು" ಎಂದು ಜನ ಬೇಸರಪಡುವುದು ಈ ಹಂತದಲ್ಲೇ. ಆದರೆ ಅದು ಕೆಟ್ಟಿಲ್ಲ, ಹೆದರಿಕೆ ಬಿಟ್ಟಿದೆ ಅಷ್ಟೆ. ಇದು ನನ್ನ ಮನೆ ಎಂಬ ನಂಬಿಕೆ ಕೂರಲು ಮೂರು ತಿಂಗಳಾದರೂ ಬೇಕು.

ಗಡಿನಾಡಿನ ಮನೆಗಳಲ್ಲಿ ಇನ್ನೊಂದು ತೊಡಕು ಭಾಷೆಯದು. ನಗರದಲ್ಲಿ 'ಸಿಟ್', 'ಕಮ್' ಕೇಳಿ ಬೆಳೆದ ನಾಯಿಗೆ ಇಲ್ಲಿ ಅಜ್ಜಿ ತುಳುವಿನಲ್ಲಿ, ಅಪ್ಪ ಕನ್ನಡದಲ್ಲಿ, ಮಕ್ಕಳು ಮಲಯಾಳದಲ್ಲಿ ಹೇಳಿದರೆ ಏನು ಅರ್ಥವಾದೀತು? ಅದಕ್ಕೆ ಭಾಷೆಯ ಹಟವಿಲ್ಲ, ಒಂದೇ ಶಬ್ದ ಸಾಕು. ಬಾ, ಕೂತ್ಕೋ, ಬೇಡ ಎಂಬ ಮೂರು ಮಾತನ್ನು ಮನೆಮಂದಿಯೆಲ್ಲ ಒಂದೇ ರೀತಿ ಹೇಳಲಿ. ಹೇಳಿದಂತೆ ಕೇಳಿದಾಗ ಒಂದು ತುಣುಕು ತಿಂಡಿ ಕೊಡಿ. ಹೊಡೆತದಿಂದ ಈ ನಾಯಿ ಕಲಿಯುವುದಿಲ್ಲ. ಬಿಳಿ ಬಾಕ್ಸರ್‌ಗಳಲ್ಲಿ ಕೆಲವು ಹುಟ್ಟು ಕಿವುಡು. ಅವಕ್ಕೆ ಕೈಸನ್ನೆಯೇ ಭಾಷೆ.

ಸರಪಳಿಯ ನಾಯಿ ಅಲ್ಲ

ಬಾಕ್ಸರ್ ಅಪರಿಚಿತರನ್ನು ಕಂಡರೆ ಎಚ್ಚರಗೊಳ್ಳುವುದು ನಿಜ. ಆದರೆ ಅದು ಜನರ ನಡುವೆ ಬದುಕುವ ನಾಯಿ. ದನದ ಹಟ್ಟಿಯ ಪಕ್ಕ ಹಗಲಿರುಳು ಕಟ್ಟಿಹಾಕಿದರೆ ಕೊರಗುತ್ತದೆ, ಸಿಡುಕು ಬೆಳೆಸಿಕೊಳ್ಳುತ್ತದೆ. ಚಾವಡಿಯಲ್ಲೋ ಒಳಕೋಣೆಯಲ್ಲೋ ಒಂದು ಗೋಣಿ ಹಾಸಿ ಕೊಡಿ. ಬೇಲಿ ಎತ್ತರವಿರಲಿ, ಇದು ಚೆನ್ನಾಗಿ ಹಾರುತ್ತದೆ. ಕೋಳಿ, ಬೆಕ್ಕು, ಆಡುಗಳ ಪರಿಚಯವನ್ನು ಹಗ್ಗ ಕೈಯಲ್ಲಿ ಹಿಡಿದೇ ಮಾಡಿಸಬೇಕು. ಕಚ್ಚುವ ಉದ್ದೇಶವಿಲ್ಲದಿದ್ದರೂ ಮೂವತ್ತು ಕಿಲೋದ ನಾಯಿ ಹಾರಿದರೆ ಮಗು ಬೀಳುತ್ತದೆ. ಚಿಕ್ಕ ಮಕ್ಕಳನ್ನೂ ನಾಯಿಯನ್ನೂ ಎರಡೇ ಬಿಡಬಾರದು.

ಸೆಕೆಯೇ ದೊಡ್ಡ ಶತ್ರು

ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಮೂತಿ ಗಿಡ್ಡವಾದ ಬಾಕ್ಸರ್‌ಗೆ ಅದು ಸರಿಯಾಗಿ ಸಾಗದು. ಕಾಸರಗೋಡಿನ ಒದ್ದೆ ಸೆಕೆಯಲ್ಲಿ ಜೊಲ್ಲೂ ಬೇಗ ಆರುವುದಿಲ್ಲ. ಸೊಲ್ಲಾಪುರ, ಆದೋನಿ ಕಡೆಯ ಬೇಸಿಗೆಯಂತೂ ಹೇಳುವುದೇ ಬೇಡ. ಬೆಳಗ್ಗೆ ಬಿಸಿಲೇರುವ ಮೊದಲು, ಸಂಜೆ ಹೊತ್ತು ಮುಳುಗಿದ ಮೇಲೆ ಮಾತ್ರ ಓಡಾಡಿಸಿ. ನಾಲಿಗೆ ಕಡುಗೆಂಪಾಗಿ, ಜೊಲ್ಲು ಅಂಟಾಗಿ, ನಡಿಗೆ ತೂರಾಡಿದರೆ ಕೂಡಲೇ ನೆರಳಿಗೆ ತಂದು ಮೈಗೆಲ್ಲ ನೀರು ಹೊಯ್ದು, ಗಾಳಿ ಹಾಕಿ, ಮೃಗಾಸ್ಪತ್ರೆಗೆ ಒಯ್ಯಬೇಕು. ನೀಲಗಿರಿಯವರ ಕಷ್ಟ ಬೇರೆ. ಗಿಡ್ಡ ಕೂದಲಿನ ಈ ನಾಯಿಗೆ ಅಲ್ಲಿಯ ಚಳಿಯೂ ತಡೆಯದು.

ಡಾಕ್ಟರರಿಗೆ ತಿಳಿಸಬೇಕಾದದ್ದು

ಬಂದ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ. ರೇಬೀಸ್ ಮತ್ತು ಇತರ ಲಸಿಕೆ, ಜಂತುಹುಳದ ಮದ್ದು, ಉಣ್ಣಿಜ್ವರಕ್ಕೆ ರಕ್ತಪರೀಕ್ಷೆ ಆಗಬೇಕು. ಈ ತಳಿಯಲ್ಲಿ ಹೃದಯದ ಕಾಯಿಲೆಯೂ ಚರ್ಮದ ಗಡ್ಡೆಯೂ ಹೆಚ್ಚು. ಓಡುತ್ತಿದ್ದಾಗ ತಲೆಸುತ್ತಿ ಬಿದ್ದರೆ, ಮೈಮೇಲೆ ಗಂಟು ಕಂಡರೆ ಕಾಯುತ್ತ ಕೂರಬೇಡಿ. ಮಂಪರು ಬರಿಸಲು ಕೊಡುವ ಏಸ್‌ಪ್ರೊಮಜೈನ್ ಎಂಬ ಮದ್ದು ಕೆಲವು ಬಾಕ್ಸರ್‌ಗಳಿಗೆ ಅಪಾಯ ತಂದೀತು. ಶಸ್ತ್ರಚಿಕಿತ್ಸೆಗೆ ಮುಂಚೆ ಈ ಮಾತು ನೆನಪಿಸಿ.

ಊಟವನ್ನು ಎರಡು ಹೊತ್ತಿಗೆ ಹಂಚಿ ಕೊಡಿ. ಉಂಡ ಕೂಡಲೇ ಓಡಾಟ ಬೇಡ. ಹೊಟ್ಟೆ ಉಬ್ಬಿ, ವಾಂತಿ ಬಂದಂತಾಗಿ ಏನೂ ಬಾರದಿದ್ದರೆ ಅದು ಹೊಟ್ಟೆ ತಿರುಚಿಕೊಂಡ ಲಕ್ಷಣ. ಬೆಳಗಾಗಲಿ ಎಂದು ಕಾದರೆ ನಾಯಿ ಉಳಿಯದು. ಬೇಯಿಸಿದ ಕೋಳಿ ಎಲುಬು, ನೀರುಳ್ಳಿ, ಚಾಕೊಲೇಟು, ದ್ರಾಕ್ಷಿ ಕೊಡಬಾರದು. ಅಡಿಕೆ ತೋಟದವರು ಮೈಲುತುತ್ತಿನ ಡ್ರಮ್ಮನ್ನೂ ಇಲಿಪಾಷಾಣವನ್ನೂ ನಾಯಿಗೆ ಎಟುಕದಂತೆ ಇಡಬೇಕು.

ತರುವ ಮೊದಲು ಕೇಳಿ

ಮೊದಲ ಯಜಮಾನರು ಯಾಕೆ ಬಿಟ್ಟರು? ಯಾರನ್ನಾದರೂ ಕಚ್ಚಿದೆಯೇ? ಮಕ್ಕಳೊಂದಿಗೆ, ಬೇರೆ ನಾಯಿಗಳೊಂದಿಗೆ ಹೇಗೆ? ಲಸಿಕೆಯ ಪುಸ್ತಕ ಇದೆಯೇ? ಹೊಂದಿಕೆಯಾಗದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಯೇ? ಕೇರಳದ ಪಂಚಾಯತುಗಳಲ್ಲಿ ನಾಯಿ ಸಾಕಲು ಲೈಸೆನ್ಸ್ ಬೇಕು, ಅದಕ್ಕೆ ರೇಬೀಸ್ ಲಸಿಕೆಯ ಸರ್ಟಿಫಿಕೇಟು ಬೇಕು ಎಂಬುದೂ ನೆನಪಿರಲಿ.

ಎಷ್ಟು ಪ್ರಯತ್ನಿಸಿದರೂ ಆಗದಿದ್ದರೆ ಕೊಟ್ಟವರಿಗೇ ಒಪ್ಪಿಸುವುದು ಸರಿಯಾದ ದಾರಿ. ಅನ್ನ ನೀರಿಲ್ಲದೆ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಗಡಿಯ ಆಚೆಗೂ ಈಚೆಗೂ ಕಾಯ್ದೆ ಒಂದೇ.

ಪುಕ್ಕಟೆ ಸಿಕ್ಕಿದ ನಾಯಿಗೂ ಖರ್ಚಿದೆ, ಖರ್ಚಿಗಿಂತ ಹೆಚ್ಚಾಗಿ ತಾಳ್ಮೆ ಬೇಕು. ಅಷ್ಟನ್ನು ಕೊಡಲು ಸಿದ್ಧರಿದ್ದರೆ ಮಾತ್ರ ಮನೆಗೆ ತನ್ನಿ. ಮೊದಲ ರಾತ್ರಿ ಗೇಟಿನತ್ತ ನೋಡುತ್ತ ಕೂತಿದ್ದ ನಾಯಿ, ನಾಲ್ಕನೇ ತಿಂಗಳಲ್ಲಿ ಅದೇ ಗೇಟಿನ ಬಳಿ ಪೇಟೆಗೆ ಹೋದ ನಿಮ್ಮನ್ನು ಕಾಯುತ್ತ ಕೂತಿರುತ್ತದೆ.