ಹಕ್ಕಿಗಳಿಗೊಂದು ಅರವಟ್ಟಿಗೆ

ಯುಗಾದಿ ಕಳೆದು ಬಿಸಿಲು ಬಲಿಯುತ್ತ ಬಂದಂತೆ ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡುವ ಪದ್ಧತಿಯು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ನೀರು ಮಜ್ಜಿಗೆಗಳನ್ನಿತ್ತು ಬಳಲಿದವರ ದಣಿವಾರಿಸುವುದು ಪುಣ್ಯಕಾರ್ಯವೆಂದು ಹಿರಿಯರು ಬಗೆದಿದ್ದರು. ಆದರೆ ಬಾಗಿಲಿಗೆ ಬಂದು ನೀರು ಕೇಳಲು ಬಾಯಿಲ್ಲದ ದಾರಿಹೋಕರೂ ಕೆಲವರುಂಟು. ನಮ್ಮ ಹಿತ್ತಿಲಿನ ಗುಬ್ಬಚ್ಚಿ, ಪಿಕಳಾರ, ಗೊರವಂಕ, ಬೆಳವಗಳೇ ಅವರು. ಬೇಸಗೆಯಲ್ಲಿ ಇವಕ್ಕೆ ಏನನ್ನು, ಹೇಗೆ ಕೊಡಬೇಕೆಂಬುದನ್ನು ಕುರಿತು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂಬುದು ನಮ್ಮ ಅಪೇಕ್ಷೆ. ಕೊಡುವ ಮನಸ್ಸು ನಮ್ಮವರಲ್ಲಿ ಕಡಮೆಯಿಲ್ಲ. ಅರಿತು ಕೊಡುವುದು ಮಾತ್ರ ಕಡಮೆ. ಹೀಗೆ ಹೇಳಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯು ಕಾರಣವಾಗಿದೆ.

ಕೆಲವು ವರ್ಷಗಳ ಹಿಂದೆ ವೈಶಾಖಮಾಸದಲ್ಲಿ ನಮ್ಮ ಹಿತ್ತಿಲಿನ ದಾಸವಾಳದ ಗಿಡದಲ್ಲಿ ಪಿಕಳಾರದ ಜೋಡಿಯೊಂದು ಗೂಡುಕಟ್ಟಿ ಮರಿಮಾಡಿತ್ತು. ಒಂದು ಮಧ್ಯಾಹ್ನ ಮರಿಯೊಂದು ನೆಲದ ಮೇಲೆ ಕುಪ್ಪಳಿಸುತ್ತಿದ್ದುದನ್ನು ಮಕ್ಕಳು ಕಂಡು, ತಾಯಿ ತೊರೆದ ಮರಿಯೆಂದು ಬಗೆದು ಒಳಗೆ ತಂದರು. ನಾವೂ ಬೇಡವೆನ್ನಲಿಲ್ಲ. ಹತ್ತಿಯ ಮೇಲೆ ಕೂರಿಸಿ, ಹಾಲಿನಲ್ಲಿ ಕಲಸಿದ ಅನ್ನವನ್ನು ಕೊಕ್ಕು ಬಿಡಿಸಿ ಉಣಿಸಿದೆವು. ಹೊರಗೆ ಅದರ ತಂದೆತಾಯಿಗಳು ಸಂಜೆಯವರೆಗೂ ಕೂಗುತ್ತ ಕಿಟಕಿಯ ಬಳಿ ಹಾರಾಡುತ್ತಿದ್ದವು. ಒಂದರ ಕೊಕ್ಕಿನಲ್ಲಿ ಹಸುರು ಹುಳುವೊಂದಿದ್ದುದನ್ನು ನಾವು ಕಣ್ಣಾರೆ ಕಂಡೆವು. ಕಂಡರೂ ಅದರ ಅರ್ಥವು ನಮಗೆ ಹೊಳೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಮರಿಯು ಸತ್ತಿತ್ತು. ಪುಕ್ಕ ಬಂದ ಮರಿಯು ಗೂಡು ಬಿಟ್ಟ ಮೇಲೆ ಕೆಲವು ದಿನ ನೆಲದಲ್ಲಿಯೂ ಪೊದೆಯಲ್ಲಿಯೂ ಕುಪ್ಪಳಿಸುತ್ತಲೇ ಹಾರುವುದನ್ನು ಕಲಿಯುವುದೆಂದೂ, ಆಗಲೂ ತಂದೆತಾಯಿಗಳೇ ಅದಕ್ಕೆ ಉಣಿಸುವುವೆಂದೂ, ಹಸುವಿನ ಹಾಲು ಹಕ್ಕಿಗಳಿಗೆ ಜೀರ್ಣವಾಗದೆಂದೂ ನಾವು ತಿಳಿದುದು ಆಮೇಲೆ.

ಬೇಸಗೆಯು ಮಕ್ಕಳಿಗೆ ರಜೆಯ ಕಾಲವಾದರೂ ಹಿತ್ತಿಲಿನ ಅನೇಕ ಹಕ್ಕಿಗಳಿಗೆ ಅದೇ ಸಂಸಾರದ ಕಾಲ. ಬಿಸಿಲಿನ ಬಾಧೆಯೂ ಮರಿಗಳ ಹೊಟ್ಟೆಯ ಚಿಂತೆಯೂ ಅವಕ್ಕೆ ಒಟ್ಟಿಗೆ ಬರುವುವು. ಹಕ್ಕಿಯ ಮೈಗೆ ಬೆವರಿನ ಗ್ರಂಥಿಗಳಿಲ್ಲ. ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರಿದ ಮಧ್ಯಾಹ್ನಗಳಲ್ಲಿ ಕಾಗೆಯು ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ಬಿಡಿಸಿಕೊಂಡು ಏದುತ್ತ ಕುಳಿತಿರುವುದನ್ನು ವಾಚಕರು ನೋಡಿರಬಹುದು. ಅದು ಹೀಗೆ ಬಾಯಿಯಿಂದ ಉಸಿರಾಡಿ, ಒಳಗಿನ ತೇವವನ್ನು ಆವಿಯಾಗಿಸಿ ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಹೋದ ನೀರು ಮರಳಿ ಬಾರದಿದ್ದರೆ ಪ್ರಾಣಕ್ಕೇ ಅಪಾಯ. ಹಿಂದೆ ಬಾವಿಕಟ್ಟೆಯ ಬಳಿ ನಿಂತ ನೀರು, ದನಗಳ ಬಾನಿ, ಪಾತ್ರೆ ಬೆಳಗುವ ಬಚ್ಚಲ ಕಾಲುವೆ, ಇವೆಲ್ಲ ಹಕ್ಕಿಗಳಿಗೆ ಒದಗುತ್ತಿದ್ದವು. ಈಗ ನೀರು ಕೊಳವೆಯಲ್ಲಿ ಬಂದು ಕೊಳವೆಯಲ್ಲಿಯೇ ಹೋಗುತ್ತದೆ. ಆದಕಾರಣ ಬೇಸಗೆಯಲ್ಲಿ ಕಾಳಿಗಿಂತ ಮೊದಲು ಕೊಡಬೇಕಾದುದು ನೀರು.

ಅದಕ್ಕೆ ಅಗಲವಾದ ಮಣ್ಣಿನ ತಟ್ಟೆಯು ಬಹು ಮೇಲು. ಲೋಹದ ಪಾತ್ರೆಯು ಬಿಸಿಲಿಗೆ ಸುಡುತ್ತದೆ. ಆಳವಾದ ಬೋಗುಣಿಯಲ್ಲಿ ಮರಿಹಕ್ಕಿಗಳು ಮುಳುಗುವುದುಂಟು. ನೀರು ಎರಡು ಅಂಗುಲಕ್ಕಿಂತ ಆಳವಿರಬಾರದು. ಕಾಲೂರಲು ನಡುವೆ ಒಂದು ಒರಟು ಕಲ್ಲನ್ನಿಡಬೇಕು. ತಟ್ಟೆಯು ನೆರಳಿನಲ್ಲಿರಲಿ. ಬೆಕ್ಕು ಅಡಗಿ ಕೂರುವಂಥ ಪೊದೆಯಿಂದ ಆರೇಳು ಅಡಿಯಾದರೂ ದೂರವಿರಲಿ. ಎರಡು ತಟ್ಟೆಗಳನ್ನಿಟ್ಟುಕೊಂಡು, ದಿನವೂ ಒಂದನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ, ಇನ್ನೊಂದಕ್ಕೆ ಹೊಸ ನೀರು ತುಂಬುವುದು ಒಳ್ಳೆಯದು. ಹೀಗೆ ಮಾಡಿದರೆ ಸೊಳ್ಳೆಯ ಮರಿಗಳಿಗೂ ಬೆಳೆಯಲು ಅವಕಾಶವಾಗದು.

ಶುಚಿಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು. ಹಿತ್ತಿಲಿನ ಹಕ್ಕಿಗಳಿಗೆ ಕಾಳು ಹಾಕುವ ಅಭ್ಯಾಸವು ಬಹಳವಾಗಿರುವ ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್ ಎಂಬ ಹಸುರು ಬಣ್ಣದ ಪುಟ್ಟ ಹಕ್ಕಿಗೆ 2005 ರಲ್ಲಿ ಗಂಟಲಿನ ರೋಗವೊಂದು ತಗಲಿತು. ರೋಗಿಹಕ್ಕಿಯ ಎಂಜಲು ಬಿದ್ದ ಕಾಳಿನಿಂದಲೂ ನೀರಿನಿಂದಲೂ ಅದು ಬೇರೆ ಹಕ್ಕಿಗಳಿಗೆ ಹರಡುತ್ತದೆ. ಕೆಲವೇ ವರ್ಷಗಳಲ್ಲಿ ಆ ಹಕ್ಕಿಗಳ ಸಂಖ್ಯೆಯು ಸುಮಾರು ಮೂರನೆಯ ಒಂದು ಪಾಲಿನಷ್ಟು ಕುಗ್ಗಿಹೋಯಿತು. ಅಲ್ಲಿಯವರು ಕಾಳು ಹಾಕಿದ್ದು ಪ್ರೀತಿಯಿಂದಲೇ ಅಲ್ಲವೆ? ಪ್ರೀತಿಯ ತಟ್ಟೆಯೂ ತೊಳೆಯದಿದ್ದರೆ ವಿಷದ ತಟ್ಟೆಯಾಗಬಹುದು.

ಇನ್ನು ಆಹಾರದ ಮಾತು. ಗುಬ್ಬಚ್ಚಿ, ಬೆಳವಗಳಿಗೆ ನವಣೆ, ಸಜ್ಜೆ, ರಾಗಿ, ಅಕ್ಕಿಯ ನುಚ್ಚು ಹಿತವಾದುವು. ಪಿಕಳಾರ, ಗೊರವಂಕ, ಕುಟ್ರುಹಕ್ಕಿಗಳಿಗೆ ಪಪ್ಪಾಯಿ, ಬಾಳೆ, ಸೀಬೆಯ ತುಂಡುಗಳಾಗಬಹುದು. ಉಪ್ಪು, ಎಣ್ಣೆ, ಮಸಾಲೆ ಬೆರೆತ ತಿಂಡಿಯನ್ನೂ, ಹಳಸಿದ ಅನ್ನವನ್ನೂ, ಬೂಷ್ಟು ಹಿಡಿದ ಕಾಳನ್ನೂ ಎಂದಿಗೂ ಹಾಕತಕ್ಕದ್ದಲ್ಲ. ಹೆಚ್ಚಿನ ಉಪ್ಪನ್ನು ಈ ಸಣ್ಣ ಹಕ್ಕಿಗಳ ಮೈ ತಾಳಲಾರದು. ಬೆಳಗ್ಗೆ ಒಂದು ಹಿಡಿ ಸಾಕು. ಸಂಜೆಗೆ ಉಳಿದುದನ್ನು ಗುಡಿಸಿ ತೆಗೆಯಬೇಕು. ಇಲ್ಲವಾದರೆ ಇಲಿಗಳಿಗೆ ಔತಣವಿತ್ತಂತಾಗುವುದು. ಸೇರುಗಟ್ಟಲೆ ಕಾಳು ಸುರಿದರೆ ಪಾರಿವಾಳಗಳ ಗುಂಪು ನೆರೆದು ಪುಟ್ಟ ಹಕ್ಕಿಗಳಿಗೆ ಎಡೆಯಿಲ್ಲದಂತಾಗುವುದು. ಅವುಗಳ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಆದರೆ ನಮ್ಮ ಪಿಕಳಾರದ ಮರಿಯು ಕಲಿಸಿದ ಪಾಠ ಇವೆಲ್ಲಕ್ಕಿಂತ ಮಿಗಿಲಾದುದು. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಎಳೆಯ ಮರಿಗೆ ಮೊದಲ ದಿನಗಳಲ್ಲಿ ಉಣಿಸುವುದು ಹೆಚ್ಚಾಗಿ ಹುಳುಹುಪ್ಪಟೆಗಳನ್ನೇ. ಮೈ ಬೆಳೆಯಲು ಬೇಕಾದ ಸತ್ತ್ವವು ಅವುಗಳಲ್ಲಿದೆ. ನಾವು ಅಂಗಳದಲ್ಲಿ ನವಣೆಯನ್ನು ಚೆಲ್ಲಿ, ಹಿತ್ತಿಲಿನ ಗಿಡಗಳಿಗೆ ಕೀಟನಾಶಕವನ್ನು ಸಿಂಪಡಿಸಿದರೆ ತಾಯಿಗೆ ಉಣಿಸಿ ಮರಿಯನ್ನು ಉಪವಾಸ ಕೆಡವಿದಂತೆಯೇ ಸರಿ. ಆದಕಾರಣ ಹಿತ್ತಿಲಿನ ಒಂದು ಮೂಲೆಯಲ್ಲಿ ತರಗೆಲೆಯನ್ನು ಗುಡಿಸದೆ, ಔಷಧ ಹೊಡೆಯದೆ ಹಾಗೆಯೇ ಬಿಡುವುದು ಹಕ್ಕಿಗಳಿಗೆ ನಾವು ನೀಡಬಹುದಾದ ದೊಡ್ಡ ಊಟ. ದಾಸವಾಳವಿದ್ದರೆ ಸೂರಕ್ಕಿಗೆ ಸಕ್ಕರೆಯ ಪಾನಕವೇ ಬೇಡ. ಸ್ಥಳವುಳ್ಳವರು ಗಸಗಸೆ ಹಣ್ಣಿನ ಮರವನ್ನೋ ಅತ್ತಿಯನ್ನೋ ನೆಟ್ಟರೆ ಅದೇ ಒಂದು ಅನ್ನಸತ್ರವಾಗುವುದು. ಹಿತ್ತಿಲಿಲ್ಲದ ಪಟ್ಟಣವಾಸಿಗಳು ಮಾಳಿಗೆಯ ಮೇಲೆ ಒಂದು ತಟ್ಟೆ ನೀರನ್ನೂ ಎರಡು ಕುಂಡಗಳನ್ನೂ ಇಡಬಹುದಷ್ಟೆ.

ಪುಕ್ಕ ಬಂದ ಮರಿಯು ನೆಲದಲ್ಲಿ ಕಂಡರೆ ಹತ್ತಿರದ ಪೊದೆಯೊಳಗೆ ಬಿಟ್ಟು ದೂರ ಸರಿಯಬೇಕು. ಪುಕ್ಕವಿಲ್ಲದ ಮರಿಯಾದರೆ ಅದರ ಗೂಡಿಗೇ ಮರಳಿಸಬೇಕು. ಮನುಷ್ಯನ ಕೈ ಸೋಕಿದರೆ ತಾಯಿಯು ತೊರೆಯುವುದೆಂಬ ಮಾತು ಸುಳ್ಳು. ಗಾಯಗೊಂಡ ಮರಿಯನ್ನು ಪಶುವೈದ್ಯರಿಗೆ ಇಲ್ಲವೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ನಮ್ಮ ನಾಡಿನ ಗಿಳಿ ಗೊರವಂಕಗಳನ್ನು ಹಿಡಿದು ಪಂಜರದಲ್ಲಿಡುವುದು 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಮರುವರ್ಷ ಅದೇ ದಾಸವಾಳದಲ್ಲಿ ಮತ್ತೆ ಗೂಡು ಕಟ್ಟಿತು. ಮತ್ತೆ ಒಂದು ಮರಿ ನೆಲಕ್ಕಿಳಿಯಿತು. ಈ ಬಾರಿ ಮಕ್ಕಳು ಅದನ್ನು ಮುಟ್ಟಲಿಲ್ಲ. ಮನೆಯ ಬೆಕ್ಕನ್ನು ಒಳಗೆ ಕೂಡಿಹಾಕಿ, ಜಗಲಿಯ ಮೇಲೆ ಕುಳಿತು ಸರದಿಯಂತೆ ಕಾವಲು ಕಾದರು. ತಂದೆತಾಯಿಗಳು ಹುಳುಗಳನ್ನು ತಂದು ತಂದು ಉಣಿಸಿದವು. ಮೂರನೆಯ ದಿನ ಬೆಳಗ್ಗೆ ಮರಿಯು ತಟ್ಟೆಯ ಅಂಚಿನಲ್ಲಿ ಕುಳಿತು ನೀರು ಕುಡಿದು, ಅಲ್ಲಿಂದ ಹಾರಿ ಬೇಲಿಯ ಮೇಲೆ ಕುಳಿತಿತು. ವಾಚಕರ ಮನೆಗಳಲ್ಲಿಯೂ ಈ ಬೇಸಗೆಯಲ್ಲಿ ಅಂಥದೊಂದು ತಟ್ಟೆಯಿರಲಿ. ಅದನ್ನು ತೊಳೆದು ತುಂಬುವ ಕೆಲಸವನ್ನು ಮಕ್ಕಳ ಕೈಗೇ ಒಪ್ಪಿಸಲಿ ಎಂದು ನಮ್ಮ ಪ್ರಾರ್ಥನೆ.