ಉಲ್ಕಾಮಳೆ ಬಂದರೆ ಆಕಾಶದ ಲೋಹದ ಪದರ ದಪ್ಪವಾಗುತ್ತದೆಯೇ?

ಪ್ರತಿ ಡಿಸೆಂಬರ್ 13-14ರ ಸುಮಾರಿಗೆ ಜೆಮಿನಿಡ್ ಉಲ್ಕಾಮಳೆ ಜೋರಾಗುತ್ತದೆ. ನಾವು 'ನಕ್ಷತ್ರ ಉದುರಿತು' ಎನ್ನುವ ಆ ಗೆರೆಗಳು ಹೆಚ್ಚಾಗಿ ಮರಳಿನ ಕಾಳು, ಕಡಲೆಕಾಳಿನಷ್ಟು ದೊಡ್ಡ ಕಲ್ಲಿನ ಚೂರುಗಳ ಕೊನೆಯ ಕ್ಷಣಗಳು. ಸೆಕೆಂಡಿಗೆ 35 ಕಿ.ಮೀ. ವೇಗದಲ್ಲಿ ಗಾಳಿಗೆ ಅಪ್ಪಳಿಸಿ, ಕಾದು, ಆವಿಯಾಗುತ್ತವೆ. ಅವುಗಳಲ್ಲಿದ್ದ ಕಬ್ಬಿಣ, ಮೆಗ್ನೀಸಿಯಂ, ಸೋಡಿಯಂ ಆಮೇಲೆ ಏನಾಗುತ್ತವೆ?

ಅಲ್ಲೇ ಉಳಿಯುತ್ತವೆ. ನೆಲದಿಂದ ಸುಮಾರು 80ರಿಂದ 110 ಕಿ.ಮೀ. ಎತ್ತರದಲ್ಲಿ ಲೋಹದ ಪರಮಾಣುಗಳ ತೆಳು ಪದರಗಳು ಇಡೀ ಭೂಮಿಯನ್ನು ಸುತ್ತುವರಿದಿವೆ. ಪದರ ಎಂದ ಕೂಡಲೇ ತಗಡನ್ನು ಊಹಿಸಿಕೊಳ್ಳಬೇಡಿ. ಅಲ್ಲಿರುವ ಸೋಡಿಯಂ ಪರಮಾಣುಗಳನ್ನೆಲ್ಲ ಒಟ್ಟುಗೂಡಿಸಿದರೂ ತೂಕ ಒಂದು ಟನ್ನಿನ ಆಸುಪಾಸು, ಅಷ್ಟೇ. ಆದರೂ ಅದು ಹೊಳೆಯುತ್ತದೆ. ಹಳೆಯ ಬೀದಿದೀಪಗಳ ಅದೇ ಹಳದಿ ಬೆಳಕನ್ನು ವೆಸ್ಟೋ ಸ್ಲೈಫರ್ 1929ರಲ್ಲಿ ರಾತ್ರಿಯಾಕಾಶದಲ್ಲಿ ಗುರುತಿಸಿದ್ದರು. ಈಗ ಲೈಡಾರ್ ಬಂದಿದೆ: ಹಳದಿ ಲೇಸರ್ ಕಿರಣವನ್ನು ಮೇಲಕ್ಕೆ ಬಿಟ್ಟು, ಸೋಡಿಯಂ ಮರಳಿಸುವ ಬೆಳಕನ್ನು ಅಳೆಯುವ ಉಪಕರಣ. ತಿರುಪತಿ ಬಳಿಯ ಗಾದಂಕಿಯಲ್ಲೂ ಇಂಥದ್ದೊಂದಿದೆ.

ಉಲ್ಕಾಮಳೆಯ ರಾತ್ರಿ ಈ ಪದರ ಉಬ್ಬಬೇಕಲ್ಲವೇ? ಹಾಗೆಂದುಕೊಳ್ಳುವುದು ಸಹಜ. 1990ರ ದಶಕದ ಕೊನೆಯಲ್ಲಿ ಲಿಯೊನಿಡ್ ಉಲ್ಕೆಗಳು ಜೋರಾಗಿ ಸುರಿದಾಗ, ಒಂದೊಂದೇ ಉಲ್ಕೆ ಬಿಟ್ಟುಹೋದ ಲೋಹದ ಜಾಡನ್ನು ಲೈಡಾರ್‌ಗಳು ಹಿಡಿದವು. ಅಂಥ ಜಾಡು ಗಾಳಿಯಲ್ಲಿ ಬೇಗನೆ ಚದುರಿಹೋಗುತ್ತದೆ. ಆದರೆ ಇಡೀ ಪದರದ ಲೆಕ್ಕದಲ್ಲಿ ಸಾಮಾನ್ಯವಾಗಿ ಎದ್ದುಕಾಣುವ ಏರಿಕೆ ಸಿಗುವುದಿಲ್ಲ.

ಕಾರಣ ನಮ್ಮ ಕಣ್ಣಿಗೆ ಬೀಳದ ಧೂಳು. ಉಲ್ಕಾಮಳೆ ಇರಲಿ ಇಲ್ಲದಿರಲಿ, ಪ್ರತಿದಿನ ಅಂತರಿಕ್ಷದಿಂದ ಧೂಳು ಬರುತ್ತಲೇ ಇರುತ್ತದೆ. ಇತ್ತೀಚಿನ ಅಂದಾಜುಗಳ ಪ್ರಕಾರ ದಿನಕ್ಕೆ ಹತ್ತಾರು ಟನ್. ಗೆರೆ ಮೂಡಿಸಲಾರದಷ್ಟು ಸಣ್ಣ ಈ ಕಣಗಳೇ ಪದರವನ್ನು ಸಾಕುತ್ತಿವೆ. ಅವುಗಳೆದುರು ಉಲ್ಕಾಮಳೆಯ ಪಾಲು ಚಿಕ್ಕದು. ಜೆಮಿನಿಡ್‌ಗಳದ್ದಂತೂ ಇನ್ನೊಂದು ತಮಾಷೆ. ಅವುಗಳ ಮೂಲವಾದ ಫೇಥಾನ್ ಎಂಬ ಕ್ಷುದ್ರಗ್ರಹ ಸೂರ್ಯನಿಗೆ ತೀರಾ ಹತ್ತಿರ ಹೋಗಿಬರುತ್ತದೆ. ಆ ಹಾದಿಯ ಚೂರುಗಳಲ್ಲಿ ಹಲವು ಸೋಡಿಯಂ ಕಳೆದುಕೊಂಡೇ ನಮ್ಮತ್ತ ಬರುತ್ತವೆ. ನೋಡಲು ಭರ್ಜರಿ, ಕೊಡುವುದು ಕಡಿಮೆ!

ಬಂದದ್ದಷ್ಟೇ ಮುಖ್ಯವಲ್ಲ, ಉಳಿಯುವುದೂ ಮುಖ್ಯ. ಪದರದ ಕೆಳಭಾಗದಲ್ಲಿ ಲೋಹದ ಪರಮಾಣುಗಳು ಓಜೋನ್, ಆಮ್ಲಜನಕಗಳ ಜೊತೆ ಸೇರಿ ಸಂಯುಕ್ತಗಳಾಗುತ್ತವೆ. ಆ ಸಂಯುಕ್ತಗಳು ಒಂದಕ್ಕೊಂದು ಅಂಟಿ, ಹೊಗೆಯಂಥ ಸೂಕ್ಷ್ಮ ಕಣಗಳಾಗಿ ನಿಧಾನವಾಗಿ ಕೆಳಗಿಳಿಯುತ್ತವೆ. ಧ್ರುವಗಳತ್ತ ಸೋಡಿಯಂ ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಈ ಏರಿಳಿತದಲ್ಲಿ ಉಲ್ಕೆಗಳಿಗಿಂತ ತಾಪಮಾನದ ಮತ್ತು ರಾಸಾಯನಿಕ ಕ್ರಿಯೆಗಳ ಕೈವಾಡವೇ ದೊಡ್ಡದು.

ಹಾಗಾದರೆ ಉಲ್ಕೆಗಳ ಸುರಿಮಳೆ ಯಾವತ್ತೂ ಪದರವನ್ನು ಬದಲಿಸದೇ? ಬದಲಿಸಬಲ್ಲದು, ಮಳೆ ಅಸಾಧಾರಣವಾಗಿದ್ದರೆ. 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಮಂಗಳನಿಂದ ಸುಮಾರು 1.4 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ನಮಗೂ ಚಂದ್ರನಿಗೂ ಇರುವ ದೂರದ ಅರ್ಧಕ್ಕಿಂತ ಕಡಿಮೆ! ಆಗ ನಾಸಾದ ಮೇವೆನ್ ನೌಕೆ ಮಂಗಳನ ವಾತಾವರಣದಲ್ಲಿ ಸೋಡಿಯಂ, ಮೆಗ್ನೀಸಿಯಂ, ಕಬ್ಬಿಣ ಸೇರಿದಂತೆ 8 ಬಗೆಯ ಲೋಹದ ಅಯಾನುಗಳನ್ನು ಪತ್ತೆಹಚ್ಚಿತು.

ಈ ಲೋಹವೆಲ್ಲ ನಮ್ಮ ತಲೆಯ ಮೇಲೆ ಬೀಳುತ್ತದೆಯೇ ಎಂಬ ಭಯ ಬೇಡ. ದಿನಕ್ಕೆ 50 ಟನ್ ಎಂದೇ ಇಟ್ಟುಕೊಂಡರೂ ಒಂದು ಚದರ ಕಿ.ಮೀ. ಜಾಗಕ್ಕೆ ಬರುವುದು 0.1 ಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ. ಯೋಚಿಸಬೇಕಾದ್ದು ಇನ್ನೊಂದಿದೆ. ಹಳೆಯ ಉಪಗ್ರಹಗಳು, ರಾಕೆಟ್ ಭಾಗಗಳು ಮರಳಿ ಬರುವಾಗ ಉಲ್ಕೆಗಳಂತೆಯೇ ಕರಗಿ ಆವಿಯಾಗುತ್ತವೆ. ವಾಯುಮಂಡಲದ ಸ್ಟ್ರಾಟೋಸ್ಫಿಯರ್ ಪದರದಲ್ಲಿನ ದೊಡ್ಡ ಗಂಧಕಾಮ್ಲದ ಕಣಗಳಲ್ಲಿ ಸುಮಾರು 10%ರಲ್ಲಿ ಅಂಥ ಅಲ್ಯೂಮಿನಿಯಂ ಮತ್ತಿತರ ಲೋಹಗಳಿವೆ ಎಂದು 2023ರ ಅಧ್ಯಯನವೊಂದು ತೋರಿಸಿದೆ. ಆಕಾಶದಲ್ಲಿರುವ ಲೋಹದಲ್ಲಿ ನಮ್ಮ ಪಾಲೆಷ್ಟು ಎಂದು ಹೇಳಬೇಕಾದರೆ, ಧೂಳು ಮತ್ತು ಉಲ್ಕೆಗಳ ಪಾಲನ್ನು ಮೊದಲು ಸರಿಯಾಗಿ ಅಳೆಯಬೇಕು. ಲೈಡಾರ್‌ಗಳು ರಾತ್ರಿಯಿಡೀ ಮಾಡುತ್ತಿರುವುದು ಆ ಲೆಕ್ಕಕ್ಕೆ ಬೇಕಾದ ಅಳತೆಯನ್ನೇ.