ಪಹಣಿಯ ಡೇಟಾಬೇಸಿಗೆ ಯಾರು ಕೈ ಹಾಕಬಹುದು?

ಹಳಿಯಾಳ, ಮುಂಡಗೋಡದ ಕಡೆ ಪಹಣಿಯಲ್ಲಿ ಹೆಸರು ತಪ್ಪಾದರೆ ಜನ ಸಿಟ್ಟಿನಿಂದ ಹೇಳುವ ಮಾತೊಂದಿದೆ: “ಕಂಪ್ಯೂಟರ್ ಮುಂದೆ ಕೂತವರಿಗೆ ಇದು ಒಂದು ನಿಮಿಷದ ಕೆಲಸ, ಬೇಕಂತಲೇ ಮಾಡಿಕೊಡೋದಿಲ್ಲ.” ಅಲೆದು ಸುಸ್ತಾದವರ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಅದರೊಳಗಿನ ನಂಬಿಕೆ ತಪ್ಪು. ಡೇಟಾಬೇಸಿಗೆ ಲಾಗಿನ್ ಆಗುವುದು ಬೇರೆ, ಅದರೊಳಗಿನ ಟೇಬಲ್ ಓದುವುದು ಬೇರೆ, ಹೊಸ ಸಾಲು ಸೇರಿಸುವುದು ಬೇರೆ, ಇದ್ದ ಸಾಲನ್ನು ತಿದ್ದುವುದು ಇನ್ನೂ ಬೇರೆ. ಒಂದೊಂದಕ್ಕೂ ಅಡ್ಮಿನ್ ಪ್ರತ್ಯೇಕ ಅನುಮತಿ ಕೊಡಬೇಕು. ಕಾಲಂ ಲೆಕ್ಕದಲ್ಲೂ ಕೊಡಬಹುದು: 12ನೇ ಕಾಲಂನಲ್ಲಿ ಬೆಳೆ ತುಂಬುವವರು 9ನೇ ಕಾಲಂನ ಮಾಲೀಕರ ಹೆಸರನ್ನು ಮುಟ್ಟಲಾಗದಂತೆ.

2000ರ ಸುಮಾರಿಗೆ ಕಂದಾಯ ಇಲಾಖೆ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಜೊತೆ ಕಟ್ಟಿದ, ಪಹಣಿಯ ಡೇಟಾಬೇಸ್ ಇರುವ ‘ಭೂಮಿ’ ವ್ಯವಸ್ಥೆಯ ನಿಜವಾದ ಬಲ ಇಲ್ಲಿದೆ ಎಂದೇ ನನ್ನ ಅಭಿಪ್ರಾಯ. ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿ ದಾಖಲಿಸುವವರು ಒಬ್ಬರು, ಒಪ್ಪಿಗೆ ಕೊಡುವ ಕಂದಾಯ ನಿರೀಕ್ಷಕರು ಇನ್ನೊಬ್ಬರು. ಆದೇಶದ ಕಾಗದ ಸ್ಕ್ಯಾನ್ ಆಗಿ ಉಳಿಯಬೇಕು. ಪಾಸ್‌ವರ್ಡ್ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಬೆರಳು ದಾಟುವುದಿಲ್ಲ ಎಂದು ಬೆರಳಚ್ಚನ್ನೂ ತಂದರು. ತಿದ್ದಿದವರು ಆಮೇಲೆ ‘ನಾನಲ್ಲ’ ಎನ್ನುವಂತಿಲ್ಲ. ಒಂದು ನಿಮಿಷದಲ್ಲಿ ತಿದ್ದಲಾಗದಿರುವುದೇ ರೈತನಿಗೆ ರಕ್ಷಣೆ. ಹಾಗೆ ತಿದ್ದಲು ಬಂದಿದ್ದರೆ ಬೇರೆಯವರೂ ಅವನ ಹೆಸರನ್ನು ಅಷ್ಟೇ ಬೇಗ ಅಳಿಸುತ್ತಿದ್ದರು.

“ಅಡ್ಮಿನ್ ಆದರೂ ಏನು ಬೇಕಾದರೂ ಮಾಡಬಹುದಲ್ಲ?” ಇದು ಬಹುಮಟ್ಟಿಗೆ ನಿಜ, ಅದಕ್ಕೇ ಅಪಾಯ. ಅಡ್ಮಿನ್‌ನ ಸರ್ವಾಧಿಕಾರದ ಲಾಗಿನ್ ಆದ ಸೂಪರ್‌ಯೂಸರ್‌ಗೆ ಅನುಮತಿಯ ತಪಾಸಣೆಯೇ ಅನ್ವಯಿಸುವುದಿಲ್ಲ. ಹಾಗಾಗಿ ದಿನನಿತ್ಯದ ಕೆಲಸ ಆ ಲಾಗಿನ್‌ನಲ್ಲಿ ನಡೆಯಬಾರದು. ಯಾರು ಏನು ಮಾಡಿದರೆಂಬ ಆಡಿಟ್ ದಾಖಲೆ ಅಡ್ಮಿನ್ ಕೈಗೂ ಎಟುಕದ ಬೇರೆ ಯಂತ್ರದಲ್ಲಿರಬೇಕು.

“ಓದೋದಕ್ಕೆ ಮಾತ್ರ ಕೊಟ್ಟಿದ್ದೇವೆ, ಏನೂ ಆಗಲ್ಲ” ಎಂಬುದೂ ಸುಳ್ಳು ಧೈರ್ಯ. 11ನೇ ಕಾಲಂನಲ್ಲಿ ಸಾಲದ ವಿವರ ಇರುತ್ತದೆ. ಒಂದು ಸರ್ವೆ ನಂಬರಿನ ಪಹಣಿ ಯಾರು ಬೇಕಾದರೂ ತೆಗೆಸಬಹುದು ನಿಜ. ಆದರೆ ಇಡೀ ತಾಲೂಕಿನಲ್ಲಿ ಯಾರ ಜಮೀನಿನ ಮೇಲೆ ಎಷ್ಟು ಸಾಲವಿದೆ ಎಂಬ ಪಟ್ಟಿ ಒಟ್ಟಿಗೆ ಸಿಕ್ಕರೆ, ಕಷ್ಟದಲ್ಲಿರುವವರ ಹೊಲ ಹುಡುಕುವವರಿಗೆ ಅದಕ್ಕಿಂತ ಬೇರೇನೂ ಬೇಡ. ಬೇಕಾದ ಕಾಲಂಗಳನ್ನಷ್ಟೇ ತೋರಿಸುವ ‘ವ್ಯೂ’ ಮಾಡಿ, ಅದಕ್ಕೆ ಅನುಮತಿ ಕೊಟ್ಟರೆ ಸಾಕು.

ಇನ್ನೊಂದು ನಂಬಿಕೆ, ನೌಕರರು ವರ್ಗವಾದರೆ ಅಧಿಕಾರವೂ ಹೋಯಿತು ಎಂಬುದು. ಜೋಯಿಡಾದಿಂದ ಕಾರವಾರಕ್ಕೆ ಹೋದವರ ಹಳೆಯ ಅನುಮತಿಯನ್ನು ಯಾರಾದರೂ ಕಿತ್ತುಹಾಕುವವರೆಗೂ ಅದು ಹಾಗೆಯೇ ಇರುತ್ತದೆ. ಹಳಿಯಾಳದಿಂದ ಬೇರೆಯಾಗಿ ದಾಂಡೇಲಿ ಹೊಸ ತಾಲೂಕಾದಂಥ ಸಂದರ್ಭದಲ್ಲಂತೂ ಯಾವ ಹಳ್ಳಿ ಯಾರ ಕೈಗೆ ಎಂದು ಮತ್ತೆ ಬರೆಯಲೇಬೇಕು. ಅದಕ್ಕೇ ಅನುಮತಿಯನ್ನು ವ್ಯಕ್ತಿಗಲ್ಲ, ಹುದ್ದೆಗೆ, ಎಂದರೆ ‘ರೋಲ್’ಗೆ ಕೊಟ್ಟು, ಬಂದವರನ್ನು ಅದರಲ್ಲಿ ಸೇರಿಸುವುದು, ಹೋದವರನ್ನು ತೆಗೆಯುವುದು ರೂಢಿ.

ತೆಗೆಯುವಾಗಲೂ ಎಚ್ಚರ ಬೇಕು. ಒಬ್ಬರು ಎರಡು ರೋಲ್‌ಗಳಲ್ಲಿದ್ದು, ಎರಡರಿಂದಲೂ ಅದೇ ಅನುಮತಿ ಬಂದಿದ್ದರೆ, ಒಂದನ್ನು ‘ರಿವೋಕ್’ ಮಾಡಿದರೂ (ಹಿಂಪಡೆದರೂ) ಇನ್ನೊಂದು ಉಳಿಯುತ್ತದೆ. ಇದಕ್ಕೆ ಪರಿಹಾರ ಒಂದೊಂದು ಡೇಟಾಬೇಸ್ ತಂತ್ರಾಂಶದಲ್ಲಿ ಒಂದೊಂದು ರೀತಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಂಥದ್ದನ್ನು ತಡೆಯಲು, ಅನುಮತಿಯನ್ನು ಸ್ಪಷ್ಟವಾಗಿ ನಿರಾಕರಿಸುವ ‘ಡಿನೈ’ ಆದೇಶವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದಿಲ್ಲ, ಅಲ್ಲಿ ಆ ಬಳಕೆದಾರರು ಇರುವ ಪ್ರತಿಯೊಂದು ರೋಲನ್ನೂ, ಎಲ್ಲರಿಗೂ ಅನ್ವಯಿಸುವ ‘ಪಬ್ಲಿಕ್’ ಅನ್ನೂ ಒಂದೊಂದಾಗಿ ನೋಡಬೇಕು.